ಗಂಟಿಲ್ಲದ ಮುದ್ದೆ

ಎಸರು ಕೊತಕೊತ ಕುದಿಯುತ್ತಿತ್ತು. ರಾಗಿಹಿಟ್ಟಿನ ಮೊರ ಹಿಡಿದು ಒಲೆಯ ಮುಂದೆ ನಿಂತಿದ್ದ ಶಿವಿಗೆ ಹಿಟ್ಟು ಸುರಿಯಲು ಧೈರ್ಯ ಬರುತ್ತಿರಲಿಲ್ಲ.

ಶಿವಲಿಂಗಮ್ಮ ಎಂಬುದು ಸ್ಕೂಲ್ ರಿಜಿಸ್ಟರಿನಲ್ಲಿರುವ ಹೆಸರು. ಐದನೇ ಕ್ಲಾಸಿನ ಈ ಹುಡುಗಿ ತಿಪ್ಪಸಂದ್ರದಲ್ಲಿ ಎಲ್ಲರಿಗೂ ಶಿವಿ. ಆ ವರ್ಷ ಊರಿಗೆ ಊರೇ ರೇಷ್ಮೆ ಹುಳದ ಹಿಂದೆ ಬಿದ್ದಿತ್ತು. ಶಿವಿಯ ಮನೆಯಲ್ಲಂತೂ ನಡುಮನೆಯೆಲ್ಲ ಹುಳದ್ದೇ, ಮನೆಯವರು ಮಲಗುವುದು ಜಗಲಿಯಲ್ಲಿ. ಹುಳಕ್ಕೆ ಹೊಗೆ ತಾಕಬಾರದೆಂದು ಒಲೆಯೂ ಹಿತ್ತಲಿಗೆ ಹೋಗಿತ್ತು.

ನಾಳೆ ಹಣ್ಣಾಗುತ್ತವೆ ಅಂದುಕೊಂಡಿದ್ದ ಹುಳ ಇವತ್ತೇ ಹಣ್ಣಾಗಿಬಿಟ್ಟಿದ್ದವು. ಹಣ್ಣಾಗಿ ಗೂಡಿಗೆ ಸಿದ್ಧವಾದ ಹುಳ ಯಾರಿಗೂ ಕಾಯುವುದಿಲ್ಲ. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಮೇಯುವ ತಟ್ಟೆಯ ಕಸದಲ್ಲೇ ಗೂಡು ಕಟ್ಟಿ ಬೆಳೆ ಹಾಳಾಗುತ್ತದೆ. ಅಪ್ಪ, ಅವ್ವ, ಕೆಲಸಕ್ಕೆ ಕೆಲಸವೆಂದು ಮುಯ್ಯಿಗೆ ಬಂದ ಮೂವರು ಅಕ್ಕಪಕ್ಕದವರು ಬೆಳಗ್ಗೆಯಿಂದ ತಲೆ ಎತ್ತಿರಲಿಲ್ಲ. ಸೊಪ್ಪಿನ ಸಾರನ್ನು ಅವ್ವ ಮುಂಜಾನೆಯೇ ಮಾಡಿಟ್ಟಿದ್ದಳು. ಮಧ್ಯಾಹ್ನದ ಮುದ್ದೆ ಶಿವಿಯ ಪಾಲಿಗೆ ಬಂದಿತ್ತು.

ತೊಂದರೆ ಏನೆಂದರೆ, ಹೋದ ಭಾನುವಾರ ಅವಳು ಮಾಡಿದ ಮುದ್ದೆಯ ತುಂಬ ಗಂಟು. ಪಕ್ಕದ ಮನೆಯ ಗಂಗಯ್ಯ ಮಾವ ಒಣಹಿಟ್ಟಿನ ಗಂಟುಗಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿ, ಗೋಲಿ ಆಡೋಣವೇ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ಶಿವಿಗೆ ಅಳು ಬಂದಿತ್ತು. ಇವತ್ತೂ ಹಾಗೇ ಆದರೆ ಅವ್ವ ಹುಳ ಬಿಟ್ಟು ಒಲೆಯ ಮುಂದೆ ಬರಬೇಕಾಗುತ್ತದೆ.

ಶಿವಿ ಹಿಟ್ಟನ್ನು ಎಸರಿಗೆ ಸುರಿದಳು. ಸುರಿದವಳೇ ಹಿಟ್ಟಿನ ದೊಣ್ಣೆಗೆ ಕೈಹಾಕಿದಳು.

ಹಿತ್ತಲ ಬಾಗಿಲಲ್ಲಿ ಕೂತಿದ್ದ ಸಿದ್ದಮ್ಮಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ದೊಣ್ಣೆ ಪಾತ್ರೆಗೆ ತಾಕಿದ ಸದ್ದು ಅವಳಿಗೆ ಕೇಳಿತು.

"ಈಗ್ಲೇ ಯಾಕವ್ವ ತಿರುವ್ತೀಯ?"

"ತಿರುವ್ದೇ ಇದ್ರೆ ಗಂಟಾಯ್ತದಲ್ಲಜ್ಜಿ."

"ತಿರುವಿದ್ಕೇ ಗಂಟಾಗೋದು. ಹೋದ ವಾರ ಹುಳ ಜ್ವರಕ್ಕೆ ಕೂತಿದ್ವಲ್ಲ, ಆಗೇನ್ ಮಾಡ್ದೆ?"

ಪೊರೆ ಬಿಡುವ ಮುಂಚೆ ಹುಳ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಅದಕ್ಕೇ ಜ್ವರ ಅನ್ನುತ್ತಾರೆ. ಆಗ ಯಾರೂ ಅವನ್ನು ಮುಟ್ಟುವಂತಿಲ್ಲ. ಶಿವಿಗೆ ಇದು ಮಗ್ಗಿಗಿಂತ ಚೆನ್ನಾಗಿ ಗೊತ್ತು.

"ಮುಟ್ನಿಲ್ಲ," ಎಂದಳು.

"ಹಿಟ್ಟೂ ಹಂಗೇಯ. ಒಸಿ ಹೊತ್ತು ಅದ್ರ ಪಾಡಿಗೆ ಬುಡು."

ಅಜ್ಜಿ ಹೇಳಿದಂತೆ ಶಿವಿ ಗುಡ್ಡೆಯಾಗಿ ಕೂತ ಹಿಟ್ಟಿನ ನಡುವೆ ದೊಣ್ಣೆಯಿಂದ ಒಂದೇ ಒಂದು ತೂತು ಮಾಡಿದಳು. ಎರಡು ಸೌದೆ ಹಿಂದಕ್ಕೆಳೆದು ಉರಿ ತಗ್ಗಿಸಿದಳು. ತೂತಿನಿಂದ ಎಸರು ಉಕ್ಕಿ ಗುಡ್ಡೆಯ ಮೇಲೆಲ್ಲ ಹರಿಯತೊಡಗಿತು. ತಿರುವಿಬಿಡೋಣ ಅಂತ ಕೈ ಹಟ ಮಾಡುತ್ತಿತ್ತು. ಅವಳು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಲೆಯನ್ನೇ ನೋಡುತ್ತ ನಿಂತಳು. ಇಷ್ಟು ಕಷ್ಟದ ಕೆಲಸವನ್ನು ಅವಳು ಯಾವತ್ತೂ ಮಾಡಿರಲಿಲ್ಲ.

ಹಸಿ ವಾಸನೆ ಹೋಗಿ ಬೆಂದ ರಾಗಿಯ ಘಮ ಬಂದ ಮೇಲೆ ಅಜ್ಜಿಯೇ ಎದ್ದು ಬಂದು ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದಳು. ಶಿವಿ ಮೈಭಾರವೆಲ್ಲ ಬಿಟ್ಟು ತೊಳಸಿದಳು. ತಣ್ಣೀರಲ್ಲಿ ಅಂಗೈ ಅದ್ದಿ ಮುದ್ದೆ ಕಟ್ಟಿದಳು. ಆದರೂ ಬೆರಳು ಚುರುಗುಟ್ಟಿತು.

ಮುಯ್ಯಿಗೆ ಬಂದಿದ್ದ ಗಂಗಯ್ಯ ಮಾವ ಊಟಕ್ಕೆ ಕೂತವನೇ ಮುದ್ದೆ ಮುರಿದು ಒಳಗೆ ಇಣುಕಿ ನೋಡಿದ. ಒಂದು ಗೋಲಿಯೂ ಸಿಗಲಿಲ್ಲ. ಪೂರ್ತಿ ಉಂಡು, ಇನ್ನರ್ಧ ಹಾಕು ಎಂದು ತಟ್ಟೆಯನ್ನು ಮುಂದೆ ಮಾಡಿದ. ಅವ್ವ ಗಬಗಬನೆ ಉಂಡು ಮೊದಲು ಎದ್ದು ಹೋದಳು.

ಎಲ್ಲರೂ ಹುಳದ ಕಡೆ ಹೋದ ಮೇಲೆ ಶಿವಿ ಅಜ್ಜಿಯ ಜೊತೆ ಊಟಕ್ಕೆ ಕೂತಳು. ಅವ್ವ ಒಂದು ಸಲವಾದರೂ ಬಂದು ನೋಡಬಹುದಿತ್ತು ಎಂದು ಗೊಣಗಿದಳು.

"ಬಂದಿದ್ಲು ಕಣವ್ವ, ಎರಡ್ ದಪ. ಬಳೆ ಸದ್ದು ಕೇಳ್ತು. ನಿನ್ ಹಿಂದೇನೇ ನಿಂತಿದ್ದು, ಸುಮ್ಕೆ ಒಂಟೋದ್ಲು."

ಶಿವಿಯ ಕೈ ತಟ್ಟೆಯಲ್ಲೇ ನಿಂತಿತು. ಅಷ್ಟು ಹತ್ತಿರ ಬಂದು, ಒಂದು ಮಾತೂ ಆಡದೆ, ದೊಣ್ಣೆಗೆ ಕೈಯೂ ಹಾಕದೆ ಹೋಗುವುದು ಅವ್ವನಿಗೆ ಎಷ್ಟು ಕಷ್ಟವಾಗಿರಬೇಕೆಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು.

ಬೇಗ ಬೇಗ ಉಂಡು ಕೈ ತೊಳೆದು ನಡುಮನೆಗೆ ಹೋದಳು. ಅವ್ವನಿಗೆ ಒತ್ತಿಕೊಂಡು ಕೂತು ಹುಳ ಆರಿಸತೊಡಗಿದಳು.