ಕಾಕಾ, ಒಳಗ ಬರಬ್ಯಾಡ್ರಿ

“ಕಾಕಾ, ಅಲ್ಲೇ ನಿಂದರ್ರಿ!”

ಜ್ಯೋತಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಹೊರಗೆ ಚಾಳಿನ ಓಣಿಯಲ್ಲಿ ಹುಲಗಪ್ಪ ಕಾಕಾ ಮೋಸಂಬಿ ಚೀಲ ಹಿಡಿದು ಕಕ್ಕಾಬಿಕ್ಕಿಯಾದರು. ಅವರು ಅಪ್ಪನ ಜೊತೆ ಲೋಡಿಂಗ್ ಕೆಲಸ ಮಾಡುವವರು, ಅಪ್ಪನದೇ ಊರಿನವರು.

“ನಿಮಗ ನೆಗಡಿ ಅದ ಏನ್ರಿ?”

“ಏ, ಇಷ್ಟೇ ಇಷ್ಟವ್ವ...” ಎನ್ನುವಷ್ಟರಲ್ಲಿ “ಆಕ್ಷೀ!” ಓಣಿಗೆಲ್ಲ ಕೇಳುವಂಥ ಸೀನು.

“ಹಂಗಾದ್ರ ನೋ ಎಂಟ್ರಿ!”

“ಜ್ಯೋತಿ! ಹಿರ್ಯಾರಿಗಿ ಹಿಂಗ ಅಂತಾರೇನ?” ಅಪ್ಪ ಒಳಗಿನಿಂದ ಗದರಿದ.

ಅಪ್ಪನದು ಯಾವಾಗಲೂ ಇದೇ ಮುಲಾಜು. ಅವ್ವನಿಗೆ ಕ್ಯಾನ್ಸರ್ ಎಂದು ಗೊತ್ತಾದದ್ದೇ ತಡ, ಮುಂಬೈ ಹತ್ತಿರದ ಈ ಕಳವಾ ಊರಿನಲ್ಲಿರುವ ಕಲಬುರಗಿ ಮಂದಿಯೆಲ್ಲ ಮಾತಾಡಿಸಲು ಬರತೊಡಗಿದ್ದರು. ಕಾಯಿಲೆಯವರನ್ನು ನೋಡಲು ಬರದಿದ್ದರೆ ತಪ್ಪು, ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದರೆ ಇನ್ನೂ ದೊಡ್ಡ ತಪ್ಪು. ಆದರೆ ಆಸ್ಪತ್ರೆಯಲ್ಲಿ ನರ್ಸ್ ಹೇಳಿದ್ದೇ ಬೇರೆ. ಕಿಮೊ ಆದ ಮೇಲೆ ಕೆಲವು ದಿನ ಅವ್ವನ ಮೈಗೆ ರೋಗದ ಜೊತೆ ಗುದ್ದಾಡುವ ಬಲ ಇರುವುದಿಲ್ಲವಂತೆ. ಬೇರೆಯವರ ಸಣ್ಣ ನೆಗಡಿ ಅವ್ವನಿಗೆ ಆಸ್ಪತ್ರೆ ಸೇರುವಂಥ ಜ್ವರ ತರಬಹುದಂತೆ. ಅಲ್ಲಿ ಅಪ್ಪ ಹೂಂ ಹೂಂ ಎಂದು ತಲೆಯಾಡಿಸಿದ. ಮನೆಗೆ ಬಂದ ಮೇಲೆ ಒಬ್ಬರಿಗೂ ಬೇಡ ಎನ್ನಲು ಅವನ ನಾಲಿಗೆ ಏಳಲಿಲ್ಲ. ಅದಕ್ಕೇ ಜ್ಯೋತಿ ತಾನೇ ಪೊಲೀಸ್ ಆದಳು.

ಕಾಕಾನ ಮುಖ ಸಪ್ಪಗಾಯಿತು. “ತಂಗಿನ್ನ ನೋಡಿ ಹೋಗಬೇಕಂತ ಬಂದಿದ್ದೆವ್ವ...”

ಅವ್ವ ಹಾಸಿಗೆಯಲ್ಲೇ ಎದ್ದು ಕುಳಿತು, ಬೋಳು ತಲೆಗೆ ಸೆರಗು ಹೊದ್ದುಕೊಂಡಳು. “ಅಣ್ಣಾ, ಸಿಟ್ಟಾಗಬ್ಯಾಡ. ಅಲ್ಲಿಂದೇ ಮಾತಾಡು.”

ಕಾಕಾ ಓಣಿಯಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಊರಿನ ಸುದ್ದಿ ಹೇಳಿ ಅವ್ವನನ್ನು ನಗಿಸಿದರು. ಪಕ್ಕದ ಖೋಲಿಯ ಲೋಲಾಕ್ಷಿ ಆಂಟಿಗೂ ಎಲ್ಲ ಕೇಳಿತು. ಹೋಗುವಾಗ ಕಾಕಾ ಮೋಸಂಬಿ ಚೀಲವನ್ನು ಹೊಸ್ತಿಲ ಮೇಲಿಟ್ಟರು. ಜ್ಯೋತಿಗೆ ಹೆಮ್ಮೆಯೋ ಹೆಮ್ಮೆ.

ಮರುದಿನ ಶಾಲೆಯಿಂದ ಬರುವಾಗ ಅವಳ ಗಂಟಲು ಕೆರೆಯಿತು. ನಳದ ಹತ್ತಿರ ಕೈಕಾಲು ತೊಳೆಯುತ್ತಿದ್ದಾಗ ಸೀನು ಬಂತು. ಹಿಂದೆಯೇ ಇನ್ನೊಂದು. ಜ್ಯೋತಿ ಗಾಬರಿಯಿಂದ ಸುತ್ತ ನೋಡಿದಳು. ಯಾರೂ ಕೇಳಿಸಿಕೊಂಡಿರಲಿಲ್ಲ.

ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹೇಳಿದರೆ ಅವ್ವನ ಮಗ್ಗುಲಲ್ಲಿ ಮಲಗುವಂತಿಲ್ಲ. ಅವ್ವನ ಕೈ ಹಿಡಿಯದೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ.

“ಬಂದಿಯೇನ ನನ ಕೂಸ? ಬಾ,” ಎಂದು ಅವ್ವ ಕೈ ಚಾಚಿದಳು.

ಜ್ಯೋತಿ ಹೊಸ್ತಿಲ ಹೊರಗೇ ನಿಂತಳು. “ಅಪ್ಪಾ, ನಂಗ ನೆಗಡಿ ಆಗ್ಯಾದ. ನನ್ನ ಹಾಸಿಗಿ ಲೋಲಾಕ್ಷಿ ಆಂಟಿ ಮನ್ಯಾಗ ಹಾಕು.”

ಅಪ್ಪ ಅವಳ ಚಾದರ ಮಡಚತೊಡಗಿದ. ಅವ್ವ ಚಾಚಿದ ಕೈ ಮೆಲ್ಲಗೆ ಕೆಳಗಿಳಿಯಿತು. ಇಷ್ಟು ಸಣ್ಣ ಖೋಲಿ, ಆದರೂ ಅವ್ವ ಎಷ್ಟು ದೂರ! ನಿನ್ನೆ ಇದೇ ಜಾಗದಲ್ಲಿ ಕುಳಿತು ಕಾಕಾ ಹೇಗೆ ತಾನೇ ನಗಿಸಿದರು ಎಂದು ಜ್ಯೋತಿಗೆ ಅಚ್ಚರಿಯಾಯಿತು.

ಅವಳೂ ಗೋಡೆಗೆ ಒರಗಿ ಕುಳಿತಳು. “ಅವ್ವಾ, ಇವತ್ತ ಸಾಲ್ಯಾಗ ಏನಾತು ಗೊತ್ತದ ಏನ?” ಎಂದು ಜೋರಾಗಿ ಶುರು ಮಾಡಿದಳು.

“ದನಿ ಯಾಕ ಹಂಗಾಗ್ಯಾದ? ಅಳ್ತಿ ಏನ?”

“ಇಲ್ಲವ್ವ,” ಜ್ಯೋತಿ ಕಣ್ಣೊರೆಸಿಕೊಂಡಳು. “ನೆಗಡಿ.”