ಜಪ್ಪಯ್ಯ ಅಂದರೂ ಬಿಡದ ಕೀಲು

“ಟಾರ್ಚ್ ನೆಟ್ಟಗೆ ಹಿಡಿ ಅಂದ್ನಲ್ಲ. ನನ್ನ ಕಣ್ಣಿಗಲ್ಲ, ಜಾಯಿಂಟಿಗೆ,” ಕಾರಿನ ಪಕ್ಕ ಮಂಡಿಯೂರಿದ್ದ ಅಮ್ಮ ಗದರಿದಳು.

“ಜಾಯಿಂಟಿಗೇ ಹಿಡಿದಿದೀನಿ. ನೀನೇ ಅಡ್ಡ ಬರ್ತಿದೀಯ,” ಪಟಾಕಿ ತಿರುಗಿ ಹೇಳಿದಳು.

ಪಟಾಕಿ ಎಂಬುದು ಅಜ್ಜ ಇಟ್ಟ ಅಡ್ಡಹೆಸರು. ಐದನೇ ಕ್ಲಾಸಿನ ಈ ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇವತ್ತಂತೂ ಸಿಟ್ಟಿಗೆ ಸರಿಯಾದ ಕಾರಣವೂ ಇತ್ತು. ನಾಲ್ಕು ಗಂಟೆಗೆ ಫುಟ್‌ಬಾಲ್ ಫೈನಲ್. ಅವಳೇ ಗೋಲ್‌ಕೀಪರ್. ಮೈದಾನ ಊರಾಚೆ, ಅಲ್ಲಿಗೆ ಬಸ್ಸೂ ಇಲ್ಲ. ಟೀಮಿನವರೆಲ್ಲ ಮಧ್ಯಾಹ್ನವೇ ಸ್ಕೂಲ್ ವ್ಯಾನಿನಲ್ಲಿ ಹೊರಟಿದ್ದರು. “ಅರ್ಧ ಗಂಟೆ ಕೆಲಸ, ನಾನೇ ಕಾರಲ್ಲಿ ಬಿಡ್ತೀನಿ” ಎಂಬ ಅಮ್ಮನ ಮಾತು ನಂಬಿ ಪಟಾಕಿ ವ್ಯಾನ್ ಹತ್ತಿರಲಿಲ್ಲ. ಈಗ ಮೂರಾಗಿತ್ತು.

ಕಾರು ಮನೆ ಮುಂದೆ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮುಂದಿನ ಒಂದು ಚಕ್ರವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಬಾಲ್ ಜಾಯಿಂಟ್ ಎಂದರೆ ಆ ಚಕ್ರವನ್ನು ಹಿಡಿದುಕೊಳ್ಳುವ ಕೀಲು, ನಮ್ಮ ಭುಜದ ಕೀಲಿನ ಹಾಗೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು, ಅಷ್ಟೇ. ಆದರೆ ತುಕ್ಕು ಹಿಡಿದ ಹಳೆಯದು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಅಮ್ಮ ಎಣ್ಣೆ ಹಾಕಿದ್ದಳು, ಮನಸಾರೆ ಬೈದಿದ್ದಳು, ಈಗ ಹಲ್ಲು ಕಚ್ಚಿಕೊಂಡು ಅದರ ಬೋಲ್ಟಿನ ತುದಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದಳು.

“ಅಜ್ಜನ್ನ ಕೇಳಮ್ಮ. ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದಾರೆ.”

“ಬೇಡ.”

“ಯಾಕೆ?”

“ಬೇಡ ಅಂದ್ರೆ ಬೇಡ. ಅವರ ಹತ್ರ ಅನ್ನಿಸ್ಕೊಳ್ಳೋಕೆ ನಂಗೆ ಟೈಮಿಲ್ಲ.”

ಕಾರಣ ಪಟಾಕಿಗೆ ಗೊತ್ತಿತ್ತು. ಹೋದ ತಿಂಗಳು ಕಾರು ಹತ್ತಿದ ಅಜ್ಜ, “ಚಕ್ರ ಕಟಕಟ ಅಂತಿದೆ, ಸ್ವಲ್ಪ ನೋಡಮ್ಮ” ಎಂದಿದ್ದರು. “ನನ್ನ ಕಾರು ನಂಗೆ ಗೊತ್ತಪ್ಪ” ಎಂದು ಅಮ್ಮ ಅವರ ಬಾಯಿ ಮುಚ್ಚಿಸಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ದೊಡ್ಡವರ ಮುನಿಸಿಗೆ ತನ್ನ ಫೈನಲ್ ಹಾಳಾಗಬೇಕೇ ಎಂದು ಪಟಾಕಿಗೆ ಮೈಯೆಲ್ಲ ಉರಿಯಿತು. ಟಾರ್ಚನ್ನು ನೆಲಕ್ಕೆ ಕುಕ್ಕಿ, ಅಮ್ಮನ ಫೋನ್ ಎತ್ತಿಕೊಂಡು ಸ್ಪೀಕರ್ ಹಾಕಿಯೇ ಬಿಟ್ಟಳು.

“ಅಜ್ಜ, ಅಮ್ಮಂಗೆ ಬಾಲ್ ಜಾಯಿಂಟ್ ತೆಗೆಯೋಕೆ ಬರ್ತಿಲ್ಲ.”

ಅಮ್ಮ ಕೆಕ್ಕರಿಸಿ ನೋಡಿದಳು.

“ಎಲ್ಲಿಗೆ ಹೊಡೀತಿದಾಳೆ?” ಅಜ್ಜ ಕೇಳಿದರು.

“ಬೋಲ್ಟಿನ ತುದಿಗೆ.”

“ಹಾಗಾದ್ರೆ ನಾಳೆ ತನಕ ಹೊಡೀಬೇಕು. ಆ ಬೋಲ್ಟು ತೂರಿರೋ ಕಬ್ಬಿಣದ ಕಿವಿ ಇದೆಯಲ್ಲ, ಅದರ ಪಕ್ಕಕ್ಕೆ ಹೊಡಿ ಅನ್ನು. ನಟ್ಟು ಪೂರ್ತಿ ಬಿಚ್ಚಬಾರದು, ಎರಡು ಸುತ್ತು ಹಿಡಿದಿರಲಿ. ಇಲ್ದಿದ್ರೆ ಪಟ್ಟಂತ ಬಿಟ್ಟು ಮುಖಕ್ಕೇ ಬಡಿಯುತ್ತೆ.”

ಅಜ್ಜ ಅಷ್ಟೇ ಹೇಳಿದರು. ಕಟಕಟದ ಮಾತೇ ಎತ್ತದೆ ಫೋನ್ ಇಟ್ಟರು.

ಅಮ್ಮ ಮುಖ ಗಂಟು ಹಾಕಿಕೊಂಡೇ ನಟ್ಟನ್ನು ಮತ್ತೆ ಎರಡು ಸುತ್ತು ಕೂರಿಸಿ, ಕಿವಿಯ ಪಕ್ಕಕ್ಕೆ ಹೊಡೆದಳು. ಮೂರು ಏಟಿಗೆ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಟಪ್ಪೆಂದು ಬಿಟ್ಟಿತು.

ಉಳಿದ ಬೋಲ್ಟುಗಳನ್ನೂ ಬಿಚ್ಚಿ ಅಮ್ಮ ಹಳೆಯ ಜಾಯಿಂಟನ್ನು ಅಂಗೈಯಲ್ಲಿಟ್ಟುಕೊಂಡಳು. ಹೊಸದರ ಬೋಲ್ಟನ್ನು ಪಟಾಕಿ ಎರಡೂ ಕೈಯಿಂದ ತಿರುಗಿಸಿದರೂ ಅಲುಗುವುದೇ ಕಷ್ಟ. ಹಳೆಯದರ ಬೋಲ್ಟು ಜೋಲಾಡುತ್ತಿತ್ತು. ಅಮ್ಮ ಸುಮ್ಮನೆ ಎಳೆದಳು. ಕೀಲಿನೊಳಗಿನ ಗುಂಡಿನ ಸಮೇತ ಹೊರಗೆ ಬಂತು. ಓಡುವಾಗ ಹೀಗೆ ಕಳಚಿದ್ದರೆ ಚಕ್ರವೇ ಮುರಿದು ಬೀಳುತ್ತಿತ್ತು.

“ಇಷ್ಟು ಲೂಸಾ? ನಿನ್ನೆ ಇದ್ರಲ್ಲೇ ಅಲ್ವಾ ನಾವು ಹೈವೇಲಿ ಬಂದಿದ್ದು?”

“ನೀನು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ದೆ,” ಅಮ್ಮ ಹೇಳಿದಳು. ಆಮೇಲೆ ಸುತ್ತಿಗೆಯನ್ನು ಎತ್ತಿ ನೆಲಕ್ಕೆ ಎಸೆದಳು. ಕಳಚಿ ಬಂದ ಗುಂಡನ್ನು ಮಾತ್ರ ಗ್ರೀಸ್ ಮೆತ್ತಿದ ಕೈಯಿಂದ ಬಿಡಲಿಲ್ಲ.

ಅಷ್ಟರಲ್ಲಿ ಗಂಟೆ ಮೂರೂಮುಕ್ಕಾಲಾಗಿತ್ತು. ಅಮ್ಮನ ಫೋನಿಗೆ ಕರೆ ಬಂತು. ಟೀಮಿನ ಕ್ಯಾಪ್ಟನ್.

“ಎಲ್ಲಿದೀಯೇ? ನಿಮ್ಮಮ್ಮ ಇನ್ನೂ ಹೊರಟೇ ಇಲ್ವಾ?”

ಎಲ್ಲಾ ನಮ್ಮಮ್ಮಂದೇ ತಪ್ಪು ಎಂದು ಹೇಳಲು ಪಟಾಕಿ ಆಗಿನಿಂದ ಕಾಯುತ್ತಿದ್ದಳು. ಅಮ್ಮನ ಕೈಯನ್ನೇ ನೋಡಿದಳು.

“ಕಾರು ಕೆಟ್ಟಿದೆ. ನಂಗೆ ಬರಕ್ಕಾಗಲ್ಲ. ಗೋಲಿಗೆ ಬೇರೆಯವರನ್ನ ನಿಲ್ಲಿಸ್ಕೊಳ್ಳಿ.”

“ಥೂ, ನಿನ್ನ ನಂಬಿ ಕೆಟ್ವಿ,” ಎಂದು ಕ್ಯಾಪ್ಟನ್ ಕಟ್ ಮಾಡಿದಳು. ಪಟಾಕಿಗೆ ಅಳು ಬಂತು, ಕೋಪವೂ ಇಳಿದಿರಲಿಲ್ಲ. ತೋಳಿನಿಂದ ಮೂಗು ಒರೆಸಿಕೊಂಡಳು.

“ಅಲ್ಲೇನು ಕಂಬದ ಥರ ನಿಂತಿದೀಯ? ಆ ಹೊಸದನ್ನ ಇಲ್ಲಿ ಕೊಡು,” ಅಮ್ಮ ಮತ್ತೆ ಸಿಡುಕಿದಳು. ದನಿ ಮೊದಲಿಗಿಂತಲೂ ಬಿರುಸಾಗಿತ್ತು.

ಅಮ್ಮನ ಸಿಟ್ಟೆಲ್ಲ ಅಮ್ಮನ ಮೇಲೆಯೇ ಎಂದು ಪಟಾಕಿಗೆ ಈಗ ಗೊತ್ತಿತ್ತು. ಹೊಸ ಜಾಯಿಂಟನ್ನು ಕೊಟ್ಟು, ಅಮ್ಮನ ಭುಜಕ್ಕೆ ಭುಜ ತಾಗಿಸಿ ನೆಲದ ಮೇಲೆ ಕೂತಳು.