ಕರಿ ಟ್ಯಾಕ್ಸಿಯ ಎಡಬಾಗಿಲು

"ಕಣ್ಣು ಮುಚ್ಚು," ಅಂದಳು ಅಮ್ಮ. "ಕೈ ಮಾತ್ರ ಓಡಿಸು. ಒತ್ತಬೇಡ."

ಸುಜು ಕಣ್ಣು ಮುಚ್ಚಿದಳು. ಅವಳ ಬಲಗೈ ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗಿತ್ತು. ಆ ಕೈಯನ್ನು ಕಾರಿನ ಮುಂದಿನ ಗಾಜಿನ ಮೇಲೆ ಮೆಲ್ಲಗೆ ಸರಿಸಿದಳು.

ಚರಚರ, ಚರಚರ.

"ಅಯ್ಯೋ! ಏನಮ್ಮಾ ಇದು? ಉಪ್ಪು ಚೆಲ್ಲಿದ ಹಾಗಿದೆ!"

ಕಣ್ಣು ಬಿಟ್ಟು ನೋಡಿದರೆ ಏನೂ ಇಲ್ಲ. ಈಗಷ್ಟೇ ಅಮ್ಮ ಮಗಳು ಸೇರಿ ಸೋಪು ಹಾಕಿ ತೊಳೆದ ಗಾಜು, ಫಳಫಳ ಅಂತಿದೆ. ಚೀಲ ತೆಗೆದು ಬರಿಗೈಯಲ್ಲಿ ಮುಟ್ಟಿದಳು. ಅಷ್ಟೇನೂ ಗೊತ್ತಾಗಲಿಲ್ಲ. ಮತ್ತೆ ಚೀಲ ಹಾಕಿಕೊಂಡಳು. ಚರಚರ!

"ಚೀಲ ಹಾಕ್ಕೊಂಡ್ರೆ ಕೈಗೆ ಕಣ್ಣು ಬರುತ್ತೆ," ಅಂದಳು ಅಮ್ಮ.

"ಆದ್ರೆ ಇದು ಏನು?"

"ಇದಾ? ಇದು ನಿಮ್ಮಪ್ಪ!" ಅಂತ ಅಮ್ಮ ಜೋರಾಗಿ ನಕ್ಕಳು.

ಅಮ್ಮನ ಅಂಗಡಿ ಇರುವುದು ರೈಲು ಹಳಿಯ ಪಕ್ಕದಲ್ಲೇ. ಕಾರು ತೊಳೆದು, ಉಜ್ಜಿ, ಹೊಳಪು ಕೊಡುವುದು ಅಮ್ಮನ ಕೆಲಸ. ಅಪ್ಪ ಲೋಕಲ್ ರೈಲಿನ ಡ್ರೈವರ್. ಅಂಗಡಿ ದಾಟಿದ ಕೂಡಲೇ ಸ್ಟೇಶನ್ ಬರುತ್ತದೆ, ಹಾಗಾಗಿ ಅಪ್ಪ ದಿನಾ ಇಲ್ಲೇ ಬ್ರೇಕ್ ಹಾಕಬೇಕು. ಬ್ರೇಕ್ ಹಾಕಿದಾಗ ಕಬ್ಬಿಣ ಸವೆಯುತ್ತದೆ. ಸವೆದ ಧೂಳು ಗಾಳಿಯಲ್ಲಿ ಹಾರಿ ಬಂದು ಕಾರುಗಳ ಮೇಲೆ ಕೂರುತ್ತದೆ. ಕೂತದ್ದು ತುಕ್ಕು ಹಿಡಿದು ಹಾಗೇ ಕಚ್ಚಿಕೊಳ್ಳುತ್ತದೆ. ಸೋಪಿಗೆ ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ.

"ಅವರು ಕೊಳೆ ಮಾಡ್ತಾರೆ, ನಾನು ತೆಗೀತೀನಿ. ಸಂಸಾರ ಅಂದ್ರೆ ಇದೇ ಮತ್ತೆ!" ಅಂತ ಅಮ್ಮ ಬಕೆಟ್ಟಿಗೆ ಕೈ ಹಾಕಿದಳು.

ಬಿಸಿನೀರಿನ ಬಕೆಟ್ಟಿನಿಂದ ಹೊರಗೆ ಬಂದದ್ದು ನೀಲಿ ಬಣ್ಣದ ಕ್ಲೇ. ಶಾಲೆಯಲ್ಲಿ ಆನೆ, ಆಮೆ ಮಾಡುತ್ತಾರಲ್ಲ, ನೋಡುವುದಕ್ಕೆ ಅಂಥದ್ದೇ. ಅಮ್ಮ ಅದನ್ನು ನಾದಿ, ತಟ್ಟಿ, ಚಪ್ಪಟೆ ಬಿಲ್ಲೆ ಮಾಡಿ ಸುಜುವಿನ ಅಂಗೈಯಲ್ಲಿಟ್ಟಳು.

"ಮೊದಲು ಸ್ಪ್ರೇ ಹೊಡಿ. ಜಾರಬೇಕು. ಆಮೇಲೆ ನೇರವಾಗಿ ಹೋಗು, ನೇರವಾಗಿ ಬಾ. ಸುತ್ತಿಸಬೇಡ. ಗಾಜು ಮಾತ್ರ ನಿನ್ನದು, ಬಾಗಿಲು ಮುಟ್ಟಬೇಡ. ಕ್ಲೇ ನೆಲಕ್ಕೆ ಬಿತ್ತೋ, ಮುಗೀತು ಅದರ ಕತೆ. ಕಸದ ಬುಟ್ಟಿಗೆ. ತಿಳೀತಾ?"

"ತಿಳೀತಮ್ಮಾ. ನೂರು ಸಲ ಹೇಳಿದ್ದೀಯ."

"ನೂರಾ ಒಂದನೇ ಸಲ ಹೇಳ್ತಾ ಇದ್ದೀನಿ. ಇದು ಯಾರ ಕಾರು ಅಂತ ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಊರಿಗೆಲ್ಲ ಗೊತ್ತು. ಹೊರಿಗುಚಿ ತಾತನ ಕರಿ ಟ್ಯಾಕ್ಸಿ ಅದು. ತಾತ ಮೂವತ್ತೊಂದು ವರ್ಷ ಒಂದೇ ಒಂದು ಅಪಘಾತ ಮಾಡದೆ ಟ್ಯಾಕ್ಸಿ ಓಡಿಸಿದ್ದಾರೆ. ಅದಕ್ಕೇ ಕಾರಿನ ತಲೆ ಮೇಲಿನ ದೀಪದಲ್ಲಿ ಮೂರು ನಕ್ಷತ್ರ. ಸ್ಟೇಶನ್ ಮುಂದೆ ಗಿರಾಕಿಗೆ ಕಾಯುವಾಗಲೂ ಸುಮ್ಮನೆ ಕೂರುವವರಲ್ಲ, ಪುಕ್ಕದ ಪೊರಕೆ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಈಗ ಅವರಿಗೆ ಎಪ್ಪತ್ತೈದು ತುಂಬುತ್ತಿದೆ. ಆಮೇಲೆ ಟ್ಯಾಕ್ಸಿ ಓಡಿಸಲು ಕಾನೂನು ಬಿಡುವುದಿಲ್ಲ. ನಾಳೆ ಭಾನುವಾರವೇ ಅವರ ಕೊನೆಯ ದಿನ.

"ನಾಳೆ ಒಂದು ದಿನ ಇದು ಹೊಸದರ ಹಾಗೆ ಕಾಣಬೇಕಮ್ಮಾ," ಅಂತ ಬೆಳಗ್ಗೆ ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನಿಗೆ ಕೊಟ್ಟು ಹೋಗಿದ್ದರು. "ಐದು ಗಂಟೆಗೆ ಬರ್ತೀನಿ."

ಸುಜು ಸ್ಪ್ರೇ ಹೊಡೆದು ಕ್ಲೇ ಸರಿಸಿದಳು. ಮೊದಲು ಕ್ಲೇ ತಡೆ ತಡೆದು ಹೋಯಿತು. ಸುರ್ರ್, ಸುರ್ರ್ ಅಂತ ಸದ್ದು ಬೇರೆ. ಹೋಗುತ್ತಾ ಬರುತ್ತಾ ಸದ್ದು ಸಣ್ಣದಾಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಸದ್ದೇ ಇಲ್ಲ! ಕೈ ತನ್ನಷ್ಟಕ್ಕೆ ಜಾರಿಕೊಂಡು ಹೋಯಿತು.

ಕ್ಲೇ ತಿರುಗಿಸಿ ನೋಡಿದಳು. ನೀಲಿಯ ಮೇಲೆಲ್ಲ ಕಂದು ಚುಕ್ಕೆಗಳು. ಅಪ್ಪನ ರೈಲಿನ ಚೂರುಗಳು, ಅಂಗೈಯಲ್ಲಿ!

ಗಾಜು ಒರೆಸಿದ ಮೇಲಂತೂ ಸುಜು ಬಾಯಿ ಬಿಟ್ಟುಕೊಂಡು ನಿಂತಳು. ಅಲ್ಲಿ ಗಾಜು ಇದೆಯೋ ಇಲ್ಲವೋ ಅನ್ನುವುದೇ ತಿಳಿಯುತ್ತಿಲ್ಲ. ಒಳಗಿನ ಸೀಟಿಗೆ ಹೊದಿಸಿದ ಬಿಳಿ ಲೇಸಿನ ಒಂದೊಂದು ಹೊಲಿಗೆಯೂ ಎಣಿಸುವ ಹಾಗಿತ್ತು. ಇಷ್ಟು ದಿನ ಗಾಜಿನ ಮೇಲೆ ಅಷ್ಟೊಂದು ಕೂತಿತ್ತೇ? ಯಾರಿಗೂ ಕಾಣದ ಹಾಗೆ? ಅವಳ ಮೈ ಜುಮ್ ಅಂದಿತು.

ಅಷ್ಟರಲ್ಲಿ ಅಮ್ಮ ಮುಂದಿನ ಬಾನೆಟ್ಟು, ಮೇಲ್ಛಾವಣಿ, ಬಲಗಡೆ ಎಲ್ಲ ಮುಗಿಸಿದ್ದಳು. ಎಡಗಡೆಯ ಹಿಂದಿನ ಬಾಗಿಲೊಂದೇ ಬಾಕಿ ಇತ್ತು. ಒಳಗೆ ಫೋನ್ ಹೊಡೆದುಕೊಂಡಿತು. ಅಮ್ಮ ಕೈ ಒರೆಸಿಕೊಂಡು ಹೋದಳು.

ಸುಜು ಎಡಬಾಗಿಲು ನೋಡಿದಳು. ಬಾಗಿಲು ಅವಳನ್ನು ನೋಡಿತು. ಕರಿ ಬಣ್ಣದಲ್ಲಿ ಅವಳದೇ ಮುಖ.

'ಅಮ್ಮ ಬರೋದ್ರೊಳಗೆ ಮುಗಿಸಿಬಿಟ್ರೆ? ಎಷ್ಟು ಖುಷಿಯಾಗಬಹುದು!'

ಸ್ಪ್ರೇ ಹೊಡೆದಳು. ಸುರ್ರ್, ಸುರ್ರ್. ಆಹಾ, ಇದು ಗಾಜಿಗಿಂತಲೂ ಮಜವಾಗಿತ್ತು. ಹಿಂದಿನ ಬಾಗಿಲು ಮುಕ್ಕಾಲು ಮುಗಿದಿತ್ತು. ಆಗ ನಾಲ್ಕೂಮುಕ್ಕಾಲಿನ ಎಕ್ಸ್‌ಪ್ರೆಸ್ ಧಡಧಡ ಬಂತು. ನೆಲ ನಡುಗಿತು. ಸುಜು ತಲೆ ಎತ್ತಿದಳು. ಒದ್ದೆ ಕ್ಲೇ ಬೆರಳಿನಿಂದ ನುಣುಚಿ ಸಿಮೆಂಟ್ ನೆಲಕ್ಕೆ ಪಚಕ್ ಅಂತ ಬಿತ್ತು.

ಒಂದು. ಎರಡು. ಮೂರು... ಎತ್ತಿಕೊಂಡಳು.

ಅವಳ ಕ್ಲಾಸಿನಲ್ಲಿ ಒಂದು ಕಾನೂನಿದೆ, ಮೂರು ಸೆಕೆಂಡ್ ರೂಲ್. ತಿಂಡಿ ನೆಲಕ್ಕೆ ಬಿದ್ದರೆ ಮೂರು ಸೆಕೆಂಡಿನೊಳಗೆ ಎತ್ತಿಕೊಂಡರೆ ತಿನ್ನಬಹುದು, ಕ್ರಿಮಿಗಳಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಅಜ್ಜಿಯದು ಇನ್ನೊಂದು ಕಾನೂನು, ಏನನ್ನೂ ದಂಡ ಮಾಡಬಾರದು. ಬಟ್ಟಲಿನಲ್ಲಿ ಒಂದಗಳು ಅನ್ನ ಉಳಿದರೂ ಅಜ್ಜಿ ಏಳಲು ಬಿಡುವುದಿಲ್ಲ. ಇಷ್ಟು ದೊಡ್ಡ ಬಿಲ್ಲೆ, ಅರ್ಧವೂ ಸವೆದಿಲ್ಲ, ಎಸೆಯುವುದೇ?

ಸುಜು ಕ್ಲೇಯನ್ನು ಬಕೆಟ್ಟಿನಲ್ಲಿ ಅದ್ದಿ, ತಿಕ್ಕಿ ತೊಳೆದಳು. ಚೆನ್ನಾಗೇ ಕಂಡಿತು. ಬಾಗಿಲಿನ ಹಿಡಿಯ ಕೆಳಗೆ ಇಟ್ಟು ಸರಿಸಿದಳು.

ಕಿರ್ರ್.

ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸಣ್ಣ ಸದ್ದು. ಹೋಗಿ ಬಂದು, ಹೋಗಿ ಬಂದು, ಐದು ಸಲ ಸರಿಸಿದ ಮೇಲೆ ಅವಳ ಕೈ ನಿಂತಿತು. ಬಟ್ಟೆಯಿಂದ ಒರೆಸಿದಳು.

ಐದು ಗೀರು. ಕರಿ ಬಣ್ಣದ ಮೇಲೆ, ಕೂದಲೆಳೆಯಷ್ಟು ಸಣ್ಣ, ಬೆಳ್ಳಗಿನ ಐದು ಗೀರು.

ಸುಜುವಿನ ಜೀವ ಬಾಯಿಗೆ ಬಂತು. ಗಾಬರಿಯಲ್ಲಿ ಅದರ ಮೇಲೆ ಸ್ಪ್ರೇ ಹೊಡೆದಳು. ಆಶ್ಚರ್ಯ! ಗೀರುಗಳು ಮಾಯ! ನೀರು ಇರುವಷ್ಟು ಹೊತ್ತು ಬಾಗಿಲು ಕನ್ನಡಿಯ ಹಾಗೇ ಇತ್ತು. ಬಿದ್ದ ಕ್ಲೇ ಅವಳ ಏಪ್ರನ್ ಜೇಬಿಗೆ ಹೋಯಿತು.

"ಏನೇ, ಬಾಗಿಲೂ ನೀನೇ ಮಾಡಿದ್ಯಾ?" ಅಮ್ಮ ಹಿಂದೆಯೇ ನಿಂತಿದ್ದಳು. ಬೈಯಲು ಬಾಯಿ ತೆರೆದವಳು, ಮೊದಲು ಚೀಲ ಹಾಕಿದ ಕೈಯನ್ನು ಬಾಗಿಲ ಮೇಲೆ ಓಡಿಸಿದಳು. ಮೇಲೆ, ಕೆಳಗೆ, ಹಿಡಿಯ ಹತ್ತಿರ, ಹಿಡಿಯ ಕೆಳಗೆ.

ಸುಜು ಅಮ್ಮನ ಬೆರಳುಗಳನ್ನೇ ನೋಡುತ್ತಿದ್ದಳು.

"ಬೆಣ್ಣೆ! ಹೇಳಿದ ಮಾತು ಕೇಳಲ್ಲ ನೀನು. ಆದ್ರೆ ಕೈ ಪರವಾಗಿಲ್ಲ ಕಣೆ, ನನ್ನ ಕೈಯೇ ಬಂದಿದೆ."

ಎಲ್ಲವನ್ನೂ ಕಂಡುಹಿಡಿಯುವ ಅಮ್ಮನ ಕೈಗೆ ಅದು ಸಿಗಲೇ ಇಲ್ಲ! ಮೇಲೆ ಕೂತದ್ದು ಕೈಗೆ ಸಿಗುತ್ತದೆ, ಕೊರೆದು ಒಳಗೆ ಹೋದದ್ದು ಸಿಗುವುದಿಲ್ಲ. ಬೇರೆ ದಿನವಾಗಿದ್ದರೆ ಅಮ್ಮ ಹೊಗಳಿದ್ದಕ್ಕೆ ಸುಜು ಕುಣಿದಾಡುತ್ತಿದ್ದಳು. ಇವತ್ತು ಏಪ್ರನ್ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡಳು.

"ನಮಸ್ಕಾರ! ಸ್ವಲ್ಪ ಬೇಗ ಬಂದುಬಿಟ್ಟೆ," ಅಂದಿತು ಅಂಗಡಿ ಬಾಗಿಲ ಕಡೆಯಿಂದ ಒಂದು ದನಿ. ಹೊರಿಗುಚಿ ತಾತ. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ತಾತ ಕಾರು ನೋಡಿದರು. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಅಂಗಡಿಯ ಗೋಡೆ, ಕ್ಯಾಲೆಂಡರ್, ಟ್ಯೂಬ್‌ಲೈಟ್, ಹೊರಗಿನ ಆಕಾಶ, ಎಲ್ಲವೂ ಆ ಕರಿ ಕಾರಿನೊಳಗೆ ಇತ್ತು.

"ಇದನ್ನ ಹಾಕ್ಕೊಂಡು ಮುಟ್ಟಿ ನೋಡಿ," ಅಂತ ಅಮ್ಮ ಒಂದು ಹೊಸ ಚೀಲ ಕೊಟ್ಟಳು.

ತಾತ ಬಿಳಿ ಕೈಗವಸು ಕಳಚಿ, ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕಣ್ಣು ಮುಚ್ಚಿ ಕಾರಿನ ಸುತ್ತ ಹೊರಟರು. "ಅಬ್ಬಬ್ಬಾ!" ಅಂದರು. ಎರಡು ಹೆಜ್ಜೆಗೊಮ್ಮೆ ಮತ್ತೆ "ಅಬ್ಬಬ್ಬಾ!" ಚಿಕ್ಕ ಹುಡುಗನ ಹಾಗೆ ನಗುತ್ತಾ ಎಡಗಡೆಗೆ ಬಂದರು.

ಸುಜುವಿನ ಕಣ್ಣು ಮಾತ್ರ ಹಿಡಿಯ ಕೆಳಗಿತ್ತು. ನೀರು ಆರುತ್ತಿತ್ತು. ಅಂಗೈಯಗಲ ಇದ್ದ ಒದ್ದೆ ಮೂರು ಬೆರಳಗಲವಾಯಿತು. ಆಮೇಲೆ ಎರಡು ಬೆರಳು. ಸ್ಪ್ರೇ ಬಾಟಲಿ ಅವಳ ಕೈಯಲ್ಲೇ ಇತ್ತು. ಒಂದೇ ಒಂದು ಸಲ ಒತ್ತಿದರೆ ಸಾಕು. ತಾತ ಕಾರು ತೆಗೆದುಕೊಂಡು ಹೋಗುತ್ತಾರೆ.

ನಾಳೆ ಬೆಳಗ್ಗೆ ಪುಕ್ಕದ ಪೊರಕೆ ಹಿಡಿದು ಸ್ಟೇಶನ್ ಮುಂದೆ ನಿಂತಿರುತ್ತಾರೆ. ಬಿಸಿಲು ಬೀಳುತ್ತದೆ.

ಸುಜು ಬಾಟಲಿಯನ್ನು ನೆಲದ ಮೇಲಿಟ್ಟಳು.

"ತಾತ... ಅಲ್ಲಿ ಗೀರಿದೆ. ನಾನೇ ಮಾಡಿದ್ದು."

"ಎಲ್ಲಿ?"

"ಒಣಗಲಿ. ಕಾಣುತ್ತೆ."

ಮೂವರೂ ನಿಂತು ನೋಡಿದರು. ನೀರು ಪೂರ್ತಿ ಆರಿತು. ಒಂದೊಂದಾಗಿ ಐದೂ ಮೇಲೆದ್ದವು. ಸುಜು ಜೇಬಿನಿಂದ ಕ್ಲೇ ತೆಗೆದು ಅಮ್ಮನಿಗೆ ಕೊಟ್ಟು, ಬಿದ್ದದ್ದು, ಎಣಿಸಿದ್ದು, ತೊಳೆದದ್ದು ಎಲ್ಲ ಹೇಳಿದಳು. ಅಮ್ಮ ಹೆಬ್ಬೆರಳಿನಿಂದ ಕ್ಲೇಯನ್ನು ಬಿಡಿಸಿ ಬಿಡಿಸಿ ನೋಡಿದಳು. ಒಂದು ಕಡೆ ನಿಲ್ಲಿಸಿ ತೋರಿಸಿದಳು. ಒಂದೇ ಒಂದು ಮರಳಿನ ಕಣ, ಎಳ್ಳಿಗಿಂತ ಎಷ್ಟೋ ಸಣ್ಣದು.

ಅಷ್ಟೇ ಅಷ್ಟು!

ಅಮ್ಮ ತಾತನ ಮುಂದೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದಳು. "ತಪ್ಪಾಯ್ತು. ಫೋನ್ ಬಂತು ಅಂತ ಕಾರು ಬಿಟ್ಟು ಹೋದವಳು ನಾನು." ಸುಜುವೂ ಪಕ್ಕದಲ್ಲಿ ಬಗ್ಗಿದಳು. ಓರೆಗಣ್ಣಿಗೆ ಅಮ್ಮನ ಬಗ್ಗಿದ ಬೆನ್ನು ಕಂಡಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿ ಅಳು ಬಂತು.

ತಾತ ಕೈಯಿಂದ ಪ್ಲಾಸ್ಟಿಕ್ ಚೀಲ ಕಳಚಿದರು. ಅವರ ಮುಖದ ನಗು ಹೋಗಿತ್ತು. "ಮೂವತ್ತೊಂದು ವರ್ಷ," ಅಂದರು. "ಕೊನೇ ದಿನಕ್ಕೆ ಬಂತಲ್ಲಮ್ಮಾ ಇದು." ಹೇಳಿ ಸ್ಟೂಲಿನ ಮೇಲೆ ಕೂತುಬಿಟ್ಟರು.

ಅಮ್ಮ ದೀಪ ತಂದಳು. ಸುಜುವಿನ ಕೈಗೆ ಕೊಟ್ಟು "ಅಲ್ಲಾಡಿಸದೆ ಹಿಡ್ಕೋ" ಅಂದಳು. ಉಜ್ಜುವ ಮೆಶೀನ್ ಗುರ್‌ಗುಟ್ಟಿತು.

"ಗೀರು ತುಂಬಿಸ್ತೀಯಾ ಅಮ್ಮಾ?" ಸುಜು ಪಿಸುಗುಟ್ಟಿದಳು.

"ಗೀರನ್ನ ತುಂಬಿಸಕ್ಕಾಗಲ್ಲ ಮಗಳೇ. ಅದು ಎಷ್ಟು ಆಳ ಇದೆಯೋ, ಸುತ್ತ ಇರೋದನ್ನೆಲ್ಲ ಅಷ್ಟು ಸವೆಸಬೇಕು. ಆಗ ಗೀರು ಇರಲ್ಲ. ಅಷ್ಟು ಬಣ್ಣವೂ ಇರಲ್ಲ."

ಸುಜು ದೀಪ ಹಿಡಿದೇ ಇದ್ದಳು, ಕೈ ಸೋತರೂ ಇಳಿಸಲಿಲ್ಲ. ಒಂದು ಗೀರು ಹೋಯಿತು. ಎರಡು. ಮೂರು. ನಾಲ್ಕು. ಅಮ್ಮ ಬಣ್ಣದ ದಪ್ಪ ಅಳೆಯುವ ಒಂದು ಸಣ್ಣ ಯಂತ್ರವನ್ನು ಬಾಗಿಲಿಗಿಟ್ಟು ಅದರ ಅಂಕಿ ನೋಡಿ ಮೆಶೀನ್ ನಿಲ್ಲಿಸಿದಳು.

"ಇನ್ನು ಉಜ್ಜಿದ್ರೆ ಬಣ್ಣನೇ ಕಿತ್ತು ಬರುತ್ತೆ. ಇದೊಂದು ಉಳಿಯುತ್ತೆ ಹೊರಿಗುಚಿ ಅವರೇ."

ತಾತ ಎದ್ದು ಬಂದು ಮಂಡಿಯೂರಿ ನೋಡಿದರು. ಹಿಡಿಯ ಕೆಳಗೆ, ರೆಪ್ಪೆಕೂದಲಿನಷ್ಟು ಉದ್ದ, ದೀಪ ಓರೆಯಾಗಿ ಬಿದ್ದರೆ ಮಾತ್ರ ಕಾಣುವ ಒಂದು ಗೀರು.

"ಪುಟ್ಟಿ, ಮೂರು ಸೆಕೆಂಡ್ ಅಂದ್ಯಲ್ಲ. ನಿಜವಾಗ್ಲೂ ಮೂರೇನಾ?"

ಸುಜು ತಲೆ ತಗ್ಗಿಸಿದಳು. "ಐದು ಇರಬಹುದು ತಾತ."

ತಾತ ಮೂಗಿನಲ್ಲೇ ಪುಸಕ್ ಅಂತ ನಕ್ಕರು. ಏಳುವಾಗ ಮಂಡಿ ಹಿಡಿದುಕೊಂಡು ಅವಳ ಭುಜದ ಮೇಲೆ ಕೈಯೂರಿದರು. "ಮನೆ ಹಳಿ ಆಚೆ ಅಲ್ವಾ? ಅಮ್ಮ ಅಂಗಡಿ ಗುಡಿಸಲಿ. ನೀನು ಬಾ."

ಟ್ಯಾಕ್ಸಿಯ ಹಿಂದಿನ ಎಡಬಾಗಿಲು ತಾನಾಗಿ ತೆರೆಯಿತು. ಒಳಗಿನಿಂದ ಡ್ರೈವರ್ ಎಳೆಯುವ ಒಂದು ಹಿಡಿಕೆ ಅದನ್ನು ತೆರೆಯುತ್ತದೆ, ಹತ್ತುವವರು ಮುಟ್ಟುವಂತಿಲ್ಲ. ಸುಜು ಬಿಳಿ ಲೇಸಿನ ಸೀಟಿನ ಮೇಲೆ ಮುದುರಿ ಕೂತಳು.

ರೈಲ್ವೆ ಗೇಟಿನಲ್ಲಿ ಗಂಟೆ ಟಣಟಣ ಬಡಿದು ಕೋಲು ಇಳಿಯಿತು. ಅವಳೇ ಉಜ್ಜಿದ ಗಾಜಿನಾಚೆ ಸಂಜೆ ಬಿಸಿಲು, ಹಳಿ, ಹಳಿ ಪಕ್ಕದ ಹುಲ್ಲು. ನಡುವೆ ಗಾಜೇ ಇಲ್ಲವೇನೋ. ಲೋಕಲ್ ರೈಲು ಬಂತು. ಡ್ರೈವರ್ ಕಿಟಕಿಯಲ್ಲಿ ಬಿಳಿ ಕೈಗವಸಿನ ಒಂದು ಕೈ, ಸಿಗ್ನಲ್ ನೋಡಿದೆ ಅಂತ ಖಾತ್ರಿ ಮಾಡಿಕೊಳ್ಳಲು, ಅದರ ಕಡೆ ನೆಟ್ಟಗೆ ಬೆರಳು ಚಾಚಿತ್ತು.

"ಅಪ್ಪ!" ಸುಜು ಕೂಗಿದಳು.

ಕೀಈಈ ಅಂತ ಬ್ರೇಕ್ ಬಿತ್ತು. ರೈಲು ಹೋಯಿತು. ಕಾರು ಮೊದಲಿನ ಹಾಗೇ ಫಳಫಳ ಅಂತಿತ್ತು.

"ಈಗ ಬಿತ್ತಲ್ವಾ ನಿಮ್ಮಪ್ಪನ ಧೂಳು?" ಅಂದರು ತಾತ.

"ಹೂಂ ತಾತ. ಬಿತ್ತು."

"ನನಗಂತೂ ಏನೂ ಕಾಣ್ತಾ ಇಲ್ಲಪ್ಪ."

"ಕಾಣಲ್ಲ ತಾತ. ಆದ್ರೆ ಬಿದ್ದಿದೆ."

ತಾತ ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ, ಕೋಲು ಎದ್ದ ಮೇಲೆ ನಿಧಾನವಾಗಿ ಗಾಡಿ ಬಿಟ್ಟರು.

ಮನೆ ಮುಂದೆ ಬಾಗಿಲು ತೆರೆಯಿತು. ಸುಜು ಇಳಿದಳು. ಏಪ್ರನ್ ಜೇಬಿನಲ್ಲಿ ಮಧ್ಯಾಹ್ನದ ಪ್ಲಾಸ್ಟಿಕ್ ಚೀಲ ಇನ್ನೂ ಇತ್ತು. ಅದನ್ನು ಹಾಕಿಕೊಂಡು ಹಿಡಿಯ ಕೆಳಗೆ ಮೆಲ್ಲಗೆ ಸವರಿದಳು. ನುಣ್ಣಗಿತ್ತು. ಚೀಲ ತೆಗೆದು ಬರಿಬೆರಳಿನಲ್ಲಿ ಸವರಿದಳು. ಆಗಲೂ ಏನೂ ಸಿಗಲಿಲ್ಲ.

ಆದರೂ ಬೆರಳು ನೇರ ಅಲ್ಲಿಗೇ ಹೋಗಿ ನಿಂತಿತು.

ತಾತ ಅವಸರ ಮಾಡಲಿಲ್ಲ. ಅವಳು ಕೈ ತೆಗೆಯುವವರೆಗೂ ಕಾದು, ಆಮೇಲೆ ಬಾಗಿಲು ಮುಚ್ಚಿದರು.